ಬಡಗಿಯ ಕೈಯನ್ನು ಮೆಷಿನ್ನಿಗೆ ಇಳಿಸಿದವನು: ಸ್ಯಾಮ್ಯುಯಲ್ ಬೆಂಥಮ್

ಪಿಯುಸಿಯಲ್ಲಿ ಪಿಸಿಎಂಬಿ ತೊಗೊಂಡಿದ್ದವರಿಗೆ ಬೆಂಥಮ್ ಮತ್ತು ಹೂಕರ್ ಅನ್ನೋ ಜೋಡಿ ಹೆಸರು ನೆನಪಿರಬೇಕು. ಹೂ ಬಿಡುವ ಗಿಡಗಳ ವರ್ಗೀಕರಣ. ಸಿಇಟಿಗೆ ಅಂತ ಬಾಯಿಪಾಠ ಮಾಡಿ, ಇಂಜಿನಿಯರಿಂಗ್ ಸೀಟು ಸಿಕ್ಕ ದಿನವೇ ಮರೆತುಬಿಟ್ಟಿದ್ದು. ಆ ಬೆಂಥಮ್ ಅಂದರೆ ಜಾರ್ಜ್ ಬೆಂಥಮ್. ಸಿವಿಲ್ ಸರ್ವಿಸ್ ಪರೀಕ್ಷೆಗೆ ಎಥಿಕ್ಸ್ ಓದೋರಿಗೆ ಇನ್ನೊಬ್ಬ ಬೆಂಥಮ್ ಗೊತ್ತು. ಅತಿ ಹೆಚ್ಚು ಜನರಿಗೆ ಅತಿ ಹೆಚ್ಚು ಸುಖ ಯಾವುದರಿಂದ ಸಿಗುತ್ತೋ ಅದೇ ಸರಿ ಅಂತ ವಾದಿಸಿದ ಜೆರೆಮಿ ಬೆಂಥಮ್. ಈ ಇಬ್ಬರ ನಡುವೆ ಮೂರನೆಯವನು ಒಬ್ಬ ಇದ್ದಾನೆ. ಜಾರ್ಜ್‌ಗೆ ಅಪ್ಪ, ಜೆರೆಮಿಗೆ ತಮ್ಮ. ಮೂವರಲ್ಲಿ ನಮ್ಮ ಜಾತಿಯವನು ಅಂದ್ರೆ ಅವನೇ, ಇಂಜಿನಿಯರು. ಹೆಸರು ಸ್ಯಾಮ್ಯುಯಲ್ ಬೆಂಥಮ್.

ನಿಮ್ಮ ಮನೆಯ ಬಾಗಿಲಿನ ಚೌಕಟ್ಟು, ಫೋಟೋ ಫ್ರೇಮು, ಹಳೇ ಶೋಕೇಸಿನ ಅಂಚು ಒಮ್ಮೆ ನೋಡಿ. ಉದ್ದಕ್ಕೂ ಒಂದು ಏರು, ಒಂದು ತಗ್ಗು, ಒಂದು ದುಂಡು ಇರುತ್ತಲ್ಲ, ನಮ್ಮ ಆಚಾರಿಗಳು ಬೀಡಿಂಗ್ ಅಂತಾರೆ, ಪುಸ್ತಕದಲ್ಲಿ ಮೋಲ್ಡಿಂಗ್ ಅಂತಾರೆ. ಒಂದು ಕಾಲದಲ್ಲಿ ಅದನ್ನು ಕೈಹತ್ತರಿಯಿಂದಲೇ ಎಳೆಯಬೇಕಿತ್ತು. ಒಂದೊಂದು ಆಕಾರಕ್ಕೆ ಒಂದೊಂದು ಹತ್ತರಿ. ಇವತ್ತು ಪ್ಲೇನರ್ ಮೆಷಿನ್ನಿನಲ್ಲಿ ಬ್ಲೇಡು ಬದಲಾಯಿಸಿ ಮರ ತಳ್ಳಿದರೆ ಮೀಟರುಗಟ್ಟಲೆ ಬಂದುಬಿಡುತ್ತೆ. ಇದಕ್ಕೆ ಬೇಕಾದ ಮೂಲ ಯೋಚನೆಯನ್ನು ಕಾಗದದ ಮೇಲೆ ಪೂರ್ತಿಯಾಗಿ ಬರೆದಿಟ್ಟವನು ಈ ಸ್ಯಾಮ್ಯುಯಲ್. ಅದೂ 1790ರ ದಶಕದಲ್ಲಿ.

ವಕೀಲರ ಮಗ, ಬಡಗಿ ಕೆಲಸಕ್ಕೆ

ಸ್ಯಾಮ್ಯುಯಲ್ ಹುಟ್ಟಿದ್ದು 1757ರ ಜನವರಿ 11ರಂದು, ಲಂಡನ್‌ನಲ್ಲಿ. ಅಪ್ಪ ಅನುಕೂಲಸ್ಥ ವಕೀಲ. ಹುಟ್ಟಿದ ಮಕ್ಕಳಲ್ಲಿ ಬದುಕಿ ಬೆಳೆದವರು ಇಬ್ಬರೇ, ಜೆರೆಮಿ ಮತ್ತು ಅವನಿಗಿಂತ ಒಂಬತ್ತು ವರ್ಷ ಚಿಕ್ಕವನಾದ ಸ್ಯಾಮ್. ಅಮ್ಮ ಬೇಗ ತೀರಿಕೊಂಡಳು. ತಮ್ಮನಿಗೆ ಅಣ್ಣನೇ ಅರ್ಧ ಮೇಷ್ಟರು.

ಅಂಥ ಮನೆಯ ಹುಡುಗ ಕಾಲೇಜಿಗೆ ಹೋಗಬೇಕು, ಕರಿಕೋಟು ಹಾಕಬೇಕು. ಸ್ಯಾಮ್ಯುಯಲ್ 14ನೇ ವಯಸ್ಸಿಗೆ ವುಲ್ವಿಚ್‌ನ ನೌಕಾ ಡಾಕ್‌ಯಾರ್ಡಿನಲ್ಲಿ ಹಡಗು ಕಟ್ಟುವ ಮುಖ್ಯ ಬಡಗಿಯ ಕೈಕೆಳಗೆ ಅಪ್ರೆಂಟಿಸ್ ಆಗಿ ಸೇರಿಕೊಂಡ. ಆಮೇಲೆ ಚಾಥಮ್ ಡಾಕ್‌ಯಾರ್ಡ್. ಏಳು ವರ್ಷ ಈ ಕಲಿಕೆ. ಮರ ಯಾವ ಕಡೆ ಸೀಳುತ್ತೆ, ಒಣಗಿದರೆ ಎಷ್ಟು ಕುಗ್ಗುತ್ತೆ, ಹತ್ತರಿ ಎಳೆಯೋನ ತೋಳು ಯಾವಾಗ ಸೋಲುತ್ತೆ, ಇದೆಲ್ಲ ಅವನಿಗೆ ಗೊತ್ತಾಗಿದ್ದು ಹೀಗೆ. ಡಾಕ್‌ಯಾರ್ಡಿನಲ್ಲಿ ಎಷ್ಟು ಮರ ದಂಡವಾಗುತ್ತೆ, ಹೊಸದೇನಾದರೂ ಹೇಳಿದರೆ ಹಳಬರು ಹೇಗೆ ಮುಖ ತಿರುಗಿಸ್ತಾರೆ ಅನ್ನೋದನ್ನೂ ಅಲ್ಲೇ ನೋಡಿದ.

ಕಲಿಕೆ ಮುಗೀತು, ಕೈಯಲ್ಲಿ ಐಡಿಯಾ ತುಂಬ ಇತ್ತು, ಒಳ್ಳೇ ಹುದ್ದೆ ಇರಲಿಲ್ಲ. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಪ್ಲೇಸ್‌ಮೆಂಟ್ ಆಗಲಿಲ್ಲ. 1780ರ ಹೊತ್ತಿಗೆ ಅವನು ರಷ್ಯಾ ತಲುಪಿದ.

ಕುಶಲಿಗಳೇ ಇಲ್ಲದ ಊರಿನಲ್ಲಿ

ರಷ್ಯಾದಲ್ಲಿ ಆಗ ಎರಡನೇ ಕ್ಯಾಥರೀನ್ ರಾಣಿಯ ಆಡಳಿತ. ಸ್ಯಾಮ್ಯುಯಲ್ ಸೈಬೀರಿಯಾ ಸುತ್ತಿ, ಗಣಿಗಳನ್ನು, ಕಾರ್ಖಾನೆಗಳನ್ನು ನೋಡುತ್ತ ಚೀನಾ ಗಡಿವರೆಗೂ ಹೋಗಿಬಂದ. ನಂತರ ರಾಣಿಯ ಆಪ್ತ, ಪ್ರಿನ್ಸ್ ಪೊಟೆಮ್ಕಿನ್ ಅವನನ್ನು ಕೆಲಸಕ್ಕೆ ಇಟ್ಟುಕೊಂಡ. ಜಾಗ ಕ್ರಿಚೆವ್, ಇವತ್ತಿನ ಬೆಲಾರುಸ್‌ನಲ್ಲಿದೆ. ಅಲ್ಲಿನ ದೊಡ್ಡ ಎಸ್ಟೇಟಿನ ಕಾರ್ಖಾನೆಗಳನ್ನು ನಡೆಸಬೇಕು, ಹಡಗು ಕಟ್ಟಿಸಬೇಕು.

ಇಲ್ಲೇ ಅವನ ತಲೆಕೆಟ್ಟಿದ್ದು. ಕಾಡು ಇತ್ತು, ಮರ ಬೇಕಾದಷ್ಟು ಇತ್ತು, ಜನಾನೂ ಇದ್ದರು. ಆದರೆ ಅವರು ಹೊಲದಲ್ಲಿ ದುಡಿದ ಜೀತದಾಳುಗಳು, ಹತ್ತರಿ ಹಿಡಿದವರಲ್ಲ. ಕೆಲಸ ಗೊತ್ತಿದ್ದವರು ಬೆರಳೆಣಿಕೆ, ಇಂಗ್ಲೆಂಡಿನಿಂದ ಕರೆಸಿಕೊಂಡವರು, ಅವರನ್ನು ಸಂಭಾಳಿಸೋದೇ ಒಂದು ಗೋಳು. ಒಬ್ಬ ಬಡಗಿ ತಯಾರಾಗೋಕೆ ಏಳು ವರ್ಷ ಬೇಕು ಅಂದ್ರೆ ಈ ನೂರಾರು ಜನರನ್ನು ಏನು ಮಾಡೋದು?

ಇದಕ್ಕೆ ಅವನು ಎರಡು ಉತ್ತರ ಹುಡುಕಿದ. ಮೊದಲನೆಯದು ಒಂದು ಕಟ್ಟಡ. ಮೇಲ್ವಿಚಾರಕ ನಡುವೆ ಕೂರಬೇಕು, ಸುತ್ತಲೂ ಕೆಲಸಗಾರರು ಅವನ ಕಣ್ಣಳತೆಯಲ್ಲಿ ಇರಬೇಕು. 1786ರಲ್ಲಿ ತಮ್ಮನನ್ನು ನೋಡೋಕೆ ಬಂದ ಜೆರೆಮಿ ಇದನ್ನು ಹಿಡಿದುಕೊಂಡು, ಜೈಲಿಗೆ ಹೊಂದಿಸಿ ಪುಸ್ತಕವನ್ನೇ ಬರೆದ. ಪನಾಪ್ಟಿಕಾನ್ ಅಂತ ಇವತ್ತು ಸಿಸಿ ಕ್ಯಾಮೆರಾ, ಪ್ರೈವಸಿ ಬಗ್ಗೆ ಮಾತಾಡುವಾಗೆಲ್ಲ ಬರೋ ಹೆಸರು ಅದೇ. ಹೆಸರು ಅಣ್ಣನಿಗೆ ಹೋಯಿತು, ಮೂಲ ತಮ್ಮನದು.

ಎರಡನೇ ಉತ್ತರ, ಕುಶಲತೆಯನ್ನೇ ಆಳಿನ ಕೈಯಿಂದ ತೆಗೆದು ಸಲಕರಣೆಯೊಳಗೆ ಇಡೋದು. ಅದು ಹಣ್ಣಾಗೋಕೆ ಸ್ವಲ್ಪ ಸಮಯ ಹಿಡಿಯಿತು. ಯಾಕಂದ್ರೆ ನಡುವೆ ಯುದ್ಧ ಬಂತು. 1788ರಲ್ಲಿ ಟರ್ಕರ ವಿರುದ್ಧ ಕಪ್ಪು ಸಮುದ್ರದ ಅಂಚಿನಲ್ಲಿ ನಡೆದ ಕಾಳಗದಲ್ಲಿ, ಸ್ಯಾಮ್ಯುಯಲ್ ಸಣ್ಣ ದೋಣಿಗಳಿಗೆ ಅವು ಹೊರಬಲ್ಲವೇ ಅಂತ ಅನುಮಾನ ಬರುವಷ್ಟು ದೊಡ್ಡ ತೋಪುಗಳನ್ನು, ಹಾರಿಸಿದಾಗ ಹಿಂದಕ್ಕೆ ಒದೆಯದ ಹಾಗೆ ಕೂರಿಸಿದ. ಗೆಲುವಿನಲ್ಲಿ ಅವನ ಪಾಲು ದೊಡ್ಡದಿತ್ತು. ಸೇಂಟ್ ಜಾರ್ಜ್ ಪದಕ ಸಿಕ್ಕಿತು, ಮುಂದೆ ಬ್ರಿಗೇಡಿಯರ್ ಜನರಲ್ ದರ್ಜೆಯೂ ಬಂತು. 1791ರಲ್ಲಿ ಇಂಗ್ಲೆಂಡಿಗೆ ವಾಪಸ್.

ಎರಡು ಪೇಟೆಂಟು

ಬಂದ ವರ್ಷವೇ ಒಂದು ಪೇಟೆಂಟು ತೆಗೆದುಕೊಂಡ. ಮರ ಹತ್ತರಿ ಹೊಡೆಯುವ ಯಂತ್ರಕ್ಕೆ. ಅದರ ಹಿಂದಿನ ಯೋಚನೆ ನಮಗೆ ತುಂಬ ಪರಿಚಿತ ಅನ್ನಿಸುತ್ತೆ. ಬಡಗಿ ಹತ್ತರಿ ಎಳೆಯುವಾಗ ಅವನ ಎರಡು ಕೈ ಒಟ್ಟಿಗೆ ಮೂರು ಕೆಲಸ ಮಾಡ್ತಿರುತ್ತೆ: ತಳ್ಳೋ ಬಲ ಕೊಡೋದು, ಹತ್ತರಿ ನೇರವಾಗಿ ಹೋಗೋ ಹಾಗೆ ನೋಡ್ಕೊಳ್ಳೋದು, ಎಷ್ಟು ಆಳ ತೆಗೆಯಬೇಕು, ಎಲ್ಲಿ ನಿಲ್ಲಿಸಬೇಕು ಅಂತ ತೀರ್ಮಾನಿಸೋದು. ಸ್ಯಾಮ್ಯುಯಲ್ ಇವನ್ನು ಬಿಡಿಸಿಟ್ಟ. ಬಲವನ್ನು ನೀರೋ ಉಗಿಯೋ ಏನೂ ಕಲಿಯದ ಆಳೋ ಕೊಡಲಿ. ದಾರಿಯನ್ನು ಗೈಡ್ ಕಾಯಲಿ. ದಪ್ಪವನ್ನು ಹತ್ತರಿಯ ಎರಡೂ ಬದಿ ಕೆಳಕ್ಕೆ ಚಾಚಿದ ಕೆನ್ನೆಪಟ್ಟಿಗಳು ಕಾಯಲಿ. ಅವು ಬೆಂಚಿಗೆ ತಾಗಿದ ಕೂಡಲೇ ಬ್ಲೇಡು ಇನ್ನು ಇಳಿಯಲ್ಲ. ಆಮೇಲೆ ಮರ ಯಾವತ್ತೂ ಒಂದೇ ದಪ್ಪ.

ಇದು ಇನ್ನೂ ಹಿಂದೆ ಮುಂದೆ ಹೋಗೋ ದೊಡ್ಡ ಹತ್ತರಿಯೇ. ನಿಜವಾದ ಜಿಗಿತ 1793ರ ಪೇಟೆಂಟಿನಲ್ಲಿ. ಅದರಲ್ಲಿ ಬ್ಲೇಡು ತಿರುಗೋಕೆ ಶುರುವಾಯಿತು. ತಿರುಗುವ ಕಟರ್‌ನಿಂದ ಮಟ್ಟ ಮಾಡೋದು, ತೋಡು ತೆಗೆಯೋದು, ಬೇಕಾದ ಆಕಾರಕ್ಕೆ ಕಟರ್ ಮಾಡಿಕೊಂಡು ಮೋಲ್ಡಿಂಗ್ ಕೊರೆಯೋದು, ಡವ್‌ಟೇಲ್ ಜೋಡಣೆಗೆ ಓರೆ ಕಟರ್, ಮೇಜಿನ ಸೀಳಿನಿಂದ ಮೇಲೆದ್ದ ವೃತ್ತ ಗರಗಸ, ರಂಧ್ರ ಕೊರೆಯೋ ಸಾಧನಗಳು, ಹೀಗೆ ಇವತ್ತಿನ ಮರದ ವರ್ಕ್‌ಶಾಪಿನಲ್ಲಿ ಕಾಣೋ ಬಹುತೇಕ ಮೆಷಿನ್ನುಗಳ ತತ್ತ್ವ ಒಂದೇ ದಾಖಲೆಯಲ್ಲಿ ಸಿಗುತ್ತೆ. 19ನೇ ಶತಮಾನದಲ್ಲಿ ಮರದ ಮೆಷಿನ್ನುಗಳ ಬಗ್ಗೆ ದೊಡ್ಡ ಗ್ರಂಥ ಬರೆದ ಜಾನ್ ರಿಚರ್ಡ್ಸ್ ಇದನ್ನು ಓದಿ ಬೆರಗಾಗಿ ಹೊಗಳಿದ್ದಾನೆ.

ಅಣ್ಣ ತಮ್ಮ ಸೇರಿ ಈ ಮೆಷಿನ್ನುಗಳನ್ನು ಎಲ್ಲಿ ಕಟ್ಟಿದರು ಗೊತ್ತಾ? ಜೆರೆಮಿಯ ಮನೆಯಲ್ಲಿ. ವೆಸ್ಟ್‌ಮಿನ್‌ಸ್ಟರ್‌ನ ಕ್ವೀನ್ ಸ್ಕ್ವೇರ್ ಪ್ಲೇಸ್‌ನಲ್ಲಿ, ಅಪ್ಪ ಬಿಟ್ಟುಹೋದ ಮನೆ. ನಯವಾದ ಕಿಟಕಿ ಚೌಕಟ್ಟಿನ ಎಲ್ಲ ಭಾಗಗಳನ್ನೂ ಮೆಷಿನ್ನೇ ಮಾಡಿಕೊಡುತ್ತಿತ್ತು. ಅಲಂಕಾರದ ಗಾಡಿಚಕ್ರದ ಭಾಗಗಳನ್ನೂ ಅಷ್ಟೇ. ಕೈಗೆ ಉಳಿದಿದ್ದು ಜೋಡಿಸೋ ಕೆಲಸ ಮಾತ್ರ. ಲಂಡನ್ನಿನ ದೊಡ್ಡ ಮನುಷ್ಯರು ನೋಡೋಕೆ ಬಂದುಹೋಗ್ತಿದ್ದರು.

ಆದರೆ ಈ ಮೆಷಿನ್ನುಗಳು ಯಾರಿಗಾಗಿ? ಜೆರೆಮಿಯ ಲೆಕ್ಕದಲ್ಲಿ, ಅವನು ಕಟ್ಟಲಿರುವ ಪನಾಪ್ಟಿಕಾನ್ ಜೈಲಿನ ಕೈದಿಗಳಿಗಾಗಿ. ಕೈದಿಗೆ ಕಸುಬು ಬರದಿದ್ದರೂ ಚಿಂತೆಯಿಲ್ಲ, ಕಸುಬು ಮೆಷಿನ್ನಿನಲ್ಲಿದೆ. ಇದನ್ನು ಓದುವಾಗ ಸ್ವಲ್ಪ ಕಸಿವಿಸಿ ಆಗಬೇಕು. ಏಳು ವರ್ಷ ಕಸುಬು ಕಲಿತವನೇ ಕಸುಬು ಬೇಕಾಗದ ಹಾಗೆ ಮಾಡೋ ಯಂತ್ರ ಕಟ್ಟಿದ. ಅದನ್ನು ಮೊದಲು ಕೊಡೋಣ ಅಂದುಕೊಂಡಿದ್ದು, ಕೂಲಿ ಕೇಳೋಕೆ ಆಗದ ಜನರಿಗೆ. ಆ ಜೈಲು ಕೊನೆಗೂ ಕಟ್ಟಲಿಲ್ಲ.

ಕಸುಬು ಎಲ್ಲಿಗೆ ಹೋಯಿತು?

ಇಲ್ಲಿ ಒಂದು ಕ್ಷಣ ಜೀವನಚರಿತ್ರೆ ಬಿಟ್ಟು ವರ್ಕ್‌ಶಾಪಿಗೆ ಬನ್ನಿ. ಕಸುಬು ಪೂರ್ತಿ ಮೆಷಿನ್ನಿಗೆ ಹೋಯ್ತಾ? ಇವತ್ತಿನ ಥಿಕ್‌ನೆಸ್ ಪ್ಲೇನರಿಗೆ ಮೋಲ್ಡಿಂಗ್ ಬ್ಲೇಡು ಹಾಕಿ ಬೀಡಿಂಗ್ ತೆಗೆಯೋದನ್ನೇ ನೋಡೋಣ. ಸ್ಯಾಮ್ಯುಯಲ್ ಹೇಳಿದ ಮೂರೂ ವಿಷಯ ಅಲ್ಲೇ ಸಿಗುತ್ತೆ.

ಮೊದಲು ಆಕಾರ. ನಿಮಗೆ ಮರದಲ್ಲಿ 10 ಮಿ.ಮೀ. ಆಳದ ಮೋಲ್ಡಿಂಗ್ ಬೇಕು ಅಂದ್ಕೊಳ್ಳಿ. ಬ್ಲೇಡಿನಲ್ಲೂ 10 ಮಿ.ಮೀ. ಉಜ್ಜಿದರೆ ಕೆಲಸ ಕೆಟ್ಟಿತು. ಯಾಕಂದ್ರೆ ಬ್ಲೇಡಿನ ಮುಖ ಕಟರ್‌ಹೆಡ್ಡಿನ ಕೇಂದ್ರದ ಮೂಲಕ ಹಾದುಹೋಗಲ್ಲ, ಸ್ವಲ್ಪ ಪಕ್ಕಕ್ಕೆ ಇರುತ್ತೆ. ಆ ಪಕ್ಕದ ದೂರ 20 ಮಿ.ಮೀ., ಮೋಲ್ಡಿಂಗಿನ ಉಬ್ಬನ್ನು ಕೊರೆಯೋ ಬಿಂದುವಿನ ತ್ರಿಜ್ಯ 40, ತಗ್ಗನ್ನು ಕೊರೆಯೋ ಬಿಂದುವಿನ ತ್ರಿಜ್ಯ 50 ಅಂತ ಇಟ್ಟುಕೊಂಡು ಪೈಥಾಗೊರಸ್ ಹಾಕಿ. 2500ರಿಂದ 400 ಕಳೆದು ವರ್ಗಮೂಲ ತೆಗೆದರೆ 45.8, 1600ರಿಂದ 400 ಕಳೆದು ತೆಗೆದರೆ 34.6. ವ್ಯತ್ಯಾಸ 11.2 ಮಿ.ಮೀ. ಅಂದರೆ ಬ್ಲೇಡಿನ ಮೇಲಿನ ಆಕಾರ ಮರದ ಮೇಲಿನ ಆಕಾರಕ್ಕಿಂತ ಎತ್ತರ. ಪ್ರತಿ ಬಿಂದುವಿಗೂ ಈ ಲೆಕ್ಕ ಬೇರೆ ಬೇರೆ.

ಆಮೇಲೆ ತೂಕ. ಎದುರುಬದುರಿನ ಬ್ಲೇಡುಗಳು ಒಂದೇ ತೂಕ ಇರಬೇಕು, ಇಲ್ಲದಿದ್ದರೆ ನಿಮಿಷಕ್ಕೆ ಸಾವಿರಾರು ಸುತ್ತಿನಲ್ಲಿ ಮೆಷಿನ್ನೇ ನಡುಗುತ್ತೆ. ಪ್ಲಗ್ ಕಿತ್ತಿಟ್ಟು ಬ್ಲೇಡು ಕೂರಿಸಿ, ಪ್ರತಿ ಬೋಲ್ಟು ಬಿಗಿ ಮಾಡಿ, ಕೈಯಿಂದ ಒಂದು ಪೂರ್ತಿ ಸುತ್ತು ತಿರುಗಿಸಿ ಎಲ್ಲೂ ತಾಗ್ತಿಲ್ಲ ಅಂತ ನೋಡಬೇಕು.

ಮೂರನೆಯದು ದಾರಿ. ಪ್ಲೇನರ್ ಮೇಜಿನ ಮೇಲೆ ಒಂದು ಹಲಗೆ ಭದ್ರವಾಗಿ ಕೂರಿಸಿ, ಅದರ ಮೇಲೆ ಎರಡು ಪಟ್ಟಿ ಹೊಡೆದು, ನಡುವೆ ಮರ ಸರಾಗವಾಗಿ ಹೋಗೋ ಆದರೆ ಅಲ್ಲಾಡದ ಹಾಗೆ ಕಾಲುವೆ ಮಾಡಬೇಕು. ಬ್ಲೇಡು ಎಷ್ಟೇ ಕೆಳಗಿಳಿದರೂ ಆ ಪಟ್ಟಿಗಳಿಗೆ ತಾಗಬಾರದು. ಒಳಗೆ ಹಾಕೋ ಮರ ಮೊದಲೇ ಒಂದೇ ದಪ್ಪ, ಒಂದೇ ಅಗಲಕ್ಕೆ ಬಂದಿರಬೇಕು, ಬೇಕಾದ್ದಕ್ಕಿಂತ ಉದ್ದವಾಗಿರಬೇಕು. ತುದಿಗಳಲ್ಲಿ ಬ್ಲೇಡು ಕಚ್ಚಿ ತಗ್ಗು ಬೀಳೋದು ಸಾಮಾನ್ಯ, ಅದನ್ನು ಕತ್ತರಿಸಿ ಬಿಸಾಡಬೇಕು. ತುಂಡು ಮರ ಹಾಕಲೇಬಾರದು, ಒಂದು ರೋಲರ್ ಬಿಟ್ಟು ಇನ್ನೊಂದು ಹಿಡಿಯೋ ಮುಂಚೆ ಅದು ಅತಂತ್ರವಾಗುತ್ತೆ. ಮರ ವಾಪಸ್ ಚಿಮ್ಮಿದರೆ ಸಿಗೋ ಸಾಲಿನಲ್ಲಿ ನಾವು ನಿಲ್ಲಬಾರದು.

ಕೊನೆಗೆ ವೇಗ. ಕಟರ್ ನಿಮಿಷಕ್ಕೆ 4500 ಸುತ್ತು, 2 ಬ್ಲೇಡು, ಮರ ನಿಮಿಷಕ್ಕೆ 6 ಮೀಟರ್ ಹೋಗ್ತಿದೆ. 6000 ಮಿ.ಮೀ.ಗೆ 9000 ಕಡಿತ, ಅಂದರೆ ಒಂದು ಕಡಿತಕ್ಕೂ ಇನ್ನೊಂದಕ್ಕೂ 0.67 ಮಿ.ಮೀ. ಮರ ತಳ್ಳೋ ವೇಗ ಎರಡರಷ್ಟಾದರೆ ಈ ಅಂತರವೂ ಎರಡರಷ್ಟು, ಬೆರಳಾಡಿಸಿದರೆ ಅಲೆ ಗೊತ್ತಾಗುತ್ತೆ. ಪೂರ್ತಿ ಆಳ ಒಂದೇ ಸಲಕ್ಕೆ ತೆಗೆಯದೆ ನಾಲ್ಕೈದು ಸಲ ಇಳಿಸಿಕೊಂಡು ಬಂದು, ಕೊನೇ ಸಲ ತೆಳ್ಳಗೆ ಸವರಿದರೆ ನಯ ಬರುತ್ತೆ. ಎಳೆ ಯಾವ ಕಡೆ ಮೇಲೇಳುತ್ತೆ ನೋಡಿ ಮರ ತಿರುಗಿಸಿ ಹಾಕಬೇಕು. ಇಷ್ಟೆಲ್ಲ ಆದರೂ ಮೊದಲು ಒಂದು ಅಗ್ಗದ ಮರದ ಮೇಲೆ ನೋಡಿಕೊಂಡೇ ತೇಗಕ್ಕೆ ಕೈ ಹಾಕೋದು.

ಸೋ, ಕಸುಬು ಮಾಯವಾಗಲಿಲ್ಲ. ಮರ ಎಳೆಯೋ ಕ್ಷಣದಿಂದ ಮೆಷಿನ್ ಸೆಟ್ ಮಾಡೋ ಹೊತ್ತಿಗೆ ಜಾಗ ಬದಲಾಯಿಸಿತು. ಮೊದಲು ಹತ್ತು ಜನರ ಕೈಯಲ್ಲಿ ಇದ್ದದ್ದು ಈಗ ಒಬ್ಬ ಸೆಟ್ಟರ್ ತಲೆಯಲ್ಲಿದೆ. ಉಳಿದ ಒಂಬತ್ತು ಜನ? ಆ ಪ್ರಶ್ನೆ ಸ್ಯಾಮ್ಯುಯಲ್‌ಗೂ ಎದುರಾಯಿತು, ಡಾಕ್‌ಯಾರ್ಡಿನಲ್ಲಿ.

ಮತ್ತೆ ಡಾಕ್‌ಯಾರ್ಡಿಗೆ

1796ರಲ್ಲಿ ನೌಕಾಪಡೆ ಅವನಿಗೆಂದೇ ಒಂದು ಹುದ್ದೆ ಮಾಡಿತು, ನೌಕಾ ಕಾಮಗಾರಿಗಳ ಇನ್‌ಸ್ಪೆಕ್ಟರ್ ಜನರಲ್. ಅದೇ ವರ್ಷ ಮದುವೆ. ಹೆಂಡತಿ ಮೇರಿ ಸೋಫಿಯಾ, ವೈದ್ಯ ಮತ್ತು ರಸಾಯನಶಾಸ್ತ್ರಜ್ಞ ಜಾರ್ಜ್ ಫೋರ್ಡೈಸ್‌ನ ಮಗಳು. ಅವಳೂ ವಿಜ್ಞಾನ ಬಲ್ಲವಳು.

ನೌಕಾಪಡೆಗೆ ಉಗಿ ಎಂಜಿನ್ ಬೇಡವಾಗಿತ್ತು. ಮರ, ಡಾಂಬರು, ಹಗ್ಗ ತುಂಬಿದ ಜಾಗದಲ್ಲಿ ಬೆಂಕಿ ಬಿದ್ದರೆ? ಕೆಲಸಗಾರರ ಗಲಾಟೆ ಎದ್ದರೆ? ಸ್ಯಾಮ್ಯುಯಲ್ ಪೋರ್ಟ್ಸ್‌ಮತ್‌ನಲ್ಲಿ ಒಂದು ಜಾಣ ದಾರಿ ಹಿಡಿದ. ಹೊಸ ಡಾಕ್‌ಗಳಿಂದ ನೀರು ಎತ್ತೋಕೆ ಪಂಪು ಬೇಕೇ ಬೇಕಿತ್ತು. ಆ ನೆಪದಲ್ಲಿ 1790ರ ದಶಕದ ಕೊನೆಯಲ್ಲಿ ಎಂಜಿನ್ ಒಳಗೆ ತಂದ, ಅದಕ್ಕೇ ಮರದ ಮೆಷಿನ್ನುಗಳನ್ನೂ ಕಟ್ಟಿದ. ಆ ಎಂಜಿನ್ ವಿನ್ಯಾಸ ಮಾಡಿದ ಅವನ ಸಿಬ್ಬಂದಿ ಜೇಮ್ಸ್ ಸ್ಯಾಡ್ಲರ್, ಬಲೂನಿನಲ್ಲಿ ಹಾರಿದ ಮೊದಲ ಇಂಗ್ಲಿಷಿನವನೂ ಹೌದು.

ಆಗಿನ ಒಂದು ದೊಡ್ಡ ಯುದ್ಧನೌಕೆಗೆ ಸುಮಾರು 1000 ಮರದ ರಾಟೆಗಳು ಬೇಕಿತ್ತು, ಹಾಯಿಯ ಹಗ್ಗ ಎಳೆಯೋಕೆ. ಅದಕ್ಕೆ ಸ್ಯಾಮ್ಯುಯಲ್ ತಾನೇ ಮೆಷಿನ್ನು ವಿನ್ಯಾಸ ಮಾಡಿಟ್ಟಿದ್ದ. ಅಷ್ಟರಲ್ಲಿ ಫ್ರಾನ್ಸ್ ಮೂಲದ ಮಾರ್ಕ್ ಬ್ರುನೆಲ್ ಅನ್ನೋನು ತನ್ನ ವಿನ್ಯಾಸ ತಂದು ತೋರಿಸಿದ. ಸ್ಯಾಮ್ಯುಯಲ್ ನೋಡಿದ, ತನ್ನದಕ್ಕಿಂತ ಇದು ಚೆನ್ನಾಗಿದೆ ಅಂತ ಒಪ್ಪಿಕೊಂಡ, ತನ್ನದನ್ನು ಪಕ್ಕಕ್ಕಿಟ್ಟು 1802ರಲ್ಲಿ ಬ್ರುನೆಲ್‌ನದನ್ನೇ ಕಟ್ಟಿಸಿದ. ಪ್ರಾಜೆಕ್ಟ್ ಗೈಡ್ ಆದವನು ಹೀಗೆ ಮಾಡೋದು ಎಷ್ಟು ಕಷ್ಟ ಅಂತ ನಮಗೆಲ್ಲ ಗೊತ್ತು. ಹೆನ್ರಿ ಮಾಡ್ಸ್‌ಲೇ ಕಟ್ಟಿಕೊಟ್ಟ 45 ಮೆಷಿನ್ನುಗಳಿಂದ 1808ರಲ್ಲಿ ವರ್ಷಕ್ಕೆ 1,30,000 ರಾಟೆಗಳು ಬರ್ತಿದ್ದವು. 110 ಜನರ ಕೆಲಸ 10 ಜನ. ಬ್ರುನೆಲ್‌ಗೆ ಸುಮಾರು 17 ಸಾವಿರ ಪೌಂಡ್ ಬಹುಮಾನ ಸಿಕ್ಕಿತು. ಮಾಸ್ ಪ್ರೊಡಕ್ಷನ್ ಪಾಠದಲ್ಲಿ ಬರೋ ಹೆಸರುಗಳೂ ಬ್ರುನೆಲ್, ಮಾಡ್ಸ್‌ಲೇ.

ಉಳಿದ 100 ಜನರ ಬಗ್ಗೆ ದಾಖಲೆಗಳಲ್ಲಿ ಹೆಚ್ಚು ಮಾತಿಲ್ಲ. ಆದರೆ ಡಾಕ್‌ಯಾರ್ಡಿನ ಬಡಗಿಗಳಿಗೆ ಸ್ಯಾಮ್ಯುಯಲ್ ಇಷ್ಟದ ಮನುಷ್ಯ ಆಗಿರೋಕೆ ಕಾರಣ ಇರಲಿಲ್ಲ. ಸಂಜೆ ಮನೆಗೆ ಹೋಗುವಾಗ ಕತ್ತರಿಸಿ ಉಳಿದ ಮರದ ತುಂಡು ಒಯ್ಯೋದು ಅವರ ಹಳೇ ಹಕ್ಕು. ಒಲೆಗೆ, ಮನೆ ರಿಪೇರಿಗೆ ಅದೇ. ಒಳ್ಳೇ ಮರವನ್ನೇ ತುಂಡು ಮಾಡಿ ಒಯ್ಯುತ್ತಾರೆ, ದಂಡ ಅನ್ನೋದು ಅವನಂಥ ಸುಧಾರಕರ ವಾದ. 1801ರಲ್ಲಿ ಆ ಪದ್ಧತಿ ನಿಂತು, ಬದಲಿಗೆ ಕಾಸು ಕೊಡೋ ಏರ್ಪಾಡಾಯಿತು. ಲೆಕ್ಕದಲ್ಲಿ ಸರಿ. ಹೆಗಲ ಮೇಲೆ ಮರ ಹೊತ್ತು ಗೇಟು ದಾಟುತ್ತಿದ್ದವನಿಗೆ ಅದು ಬರೀ ಲೆಕ್ಕ ಆಗಿರಲಿಲ್ಲ.

ಮೇಲಿನವರಿಗೂ ಅವನು ಇಷ್ಟವಾಗಲಿಲ್ಲ. ಕಮಿಟಿಯ ಹಿಂದೆ ಅಡಗಬಾರದು, ಪ್ರತಿ ಕೆಲಸಕ್ಕೂ ಒಬ್ಬನ ಹೆಸರು ಇರಬೇಕು ಅಂತ ಅವನ ಹಟ. 1805ರಲ್ಲಿ ಹಡಗು ಕಟ್ಟಿಸೋಕೆ ಅಂತ ರಷ್ಯಾಗೆ ಕಳಿಸಿದರು. 1807ರಲ್ಲಿ ವಾಪಸ್ ಬಂದಾಗ ಅವನ ಕಚೇರಿಯನ್ನೇ ಎತ್ತಿ ಇನ್ನೊಂದರಲ್ಲಿ ಸೇರಿಸಿಬಿಟ್ಟಿದ್ದರು. ಹೆಸರು ಬದಲಾದ ಹುದ್ದೆಯಲ್ಲಿ ಇನ್ನೊಂದಷ್ಟು ದಿನ ದುಡಿದ. 1812ರಲ್ಲಿ ಅದೂ ರದ್ದಾಯಿತು.

ಆಮೇಲೆ

1814ರಲ್ಲಿ ಕುಟುಂಬ ಸಮೇತ ಫ್ರಾನ್ಸಿಗೆ ಹೋದ. ದಕ್ಷಿಣದ ಮಾಂಟ್‌ಪೆಲಿಯೆ ಹತ್ತಿರ ಜಮೀನು ತೆಗೆದುಕೊಂಡು ಅಲ್ಲೂ ಸುಧಾರಣೆ ಶುರು ಮಾಡಿದ. ಅಪ್ಪನ ಜಮೀನು ನೋಡಿಕೊಳ್ತಿದ್ದ ಮಗ ಜಾರ್ಜ್‌ಗೆ ಫ್ರಾನ್ಸಿನ ಗಿಡಗಳ ಹುಚ್ಚು ಹತ್ತಿತು. ಆ ಹುಚ್ಚಿನ ಕೊನೆಯೇ ನಮ್ಮ ಪಿಯುಸಿ ಟೆಕ್ಸ್ಟ್‌ಬುಕ್ಕಿನ ಅಧ್ಯಾಯ. ಕೊನೇ ವರ್ಷಗಳಲ್ಲಿ ಸ್ಯಾಮ್ಯುಯಲ್ ಇಂಗ್ಲೆಂಡಿಗೆ ಮರಳಿದ. 1831ರ ಮೇ 31ರಂದು ತೀರಿಕೊಂಡ. ಮರುವರ್ಷ ಜೆರೆಮಿಯೂ ಹೋದ. ಅವನ ಅಸ್ಥಿಪಂಜರಕ್ಕೆ ಬಟ್ಟೆ ತೊಡಿಸಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಇವತ್ತಿಗೂ ಕೂರಿಸಿದ್ದಾರೆ. ತಮ್ಮನ ನೆನಪಿಗೆ ಉಳಿದದ್ದು ಮೇರಿ ಸೋಫಿಯಾ ಬರೆದ ಜೀವನಚರಿತ್ರೆ, 1862ರಲ್ಲಿ ಪ್ರಕಟವಾಯಿತು.

ಅವನ ಪೇಟೆಂಟಿನ ಯೋಚನೆಗಳು ಬೇರೆಯವರ ಮೆಷಿನ್ನುಗಳಲ್ಲಿ ಬಂದವು. 1802ರಲ್ಲಿ ಜೋಸೆಫ್ ಬ್ರಾಮಾನ ಪ್ಲೇನರ್, 1828ರಲ್ಲಿ ಅಮೆರಿಕದಲ್ಲಿ ವಿಲಿಯಂ ವುಡ್‌ವರ್ತ್‌ನ ಪ್ಲೇನರ್. ಹೆಸರು ಅವರದು, ದುಡ್ಡೂ ಅವರದು.

ಮುಂದಿನ ಸಲ ಯಾವುದಾದರೂ ಮರದ ಅಂಗಡಿ ಮುಂದೆ ಹೋಗುವಾಗ ಪ್ಲೇನರ್ ಕಿರುಚೋದು ಕೇಳಿದರೆ ಎರಡು ನಿಮಿಷ ನಿಲ್ಲಿ. ಮರ ತಳ್ಳುತ್ತಿರೋ ಹುಡುಗನನ್ನಲ್ಲ, ಬೆಳಿಗ್ಗೆ ಬ್ಲೇಡು ಕೂರಿಸಿ, ಕಣ್ಣು ಕಿರಿದು ಮಾಡಿ, ಕೈಯಿಂದ ಒಂದು ಸುತ್ತು ತಿರುಗಿಸಿ ನೋಡಿದ ಆಚಾರಿಯನ್ನು ಹುಡುಕಿ, ಸೆಟ್ಟಿಂಗ್ ಹೇಗೆ ಮಾಡಿದ್ರಿ ಅಂತ ಕೇಳಿ. ಸ್ಯಾಮ್ಯುಯಲ್ ಬೆಂಥಮ್ ಮೆಷಿನ್ನಿಗೆ ಇಳಿಸೋಕೆ ಆಗದೆ ಬಿಟ್ಟ ಭಾಗ ಅವರ ಹತ್ತಿರ ಇದೆ.